ಓಡುವ ಕಾರನ್ನು ಕಲಾಕೃತಿಯಾಗಿಸುವುದು: ಆಯ್ಕೆಯಿಂದ ಆರೈಕೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

1979ರಲ್ಲಿ ಅಮೆರಿಕದ ಪಾಪ್ ಕಲಾವಿದ ಆ್ಯಂಡಿ ವಾರ್ಹೋಲ್ ಬಿಎಂಡಬ್ಲ್ಯು ಎಂ1 ರೇಸ್ ಕಾರಿಗೆ ತಾವೇ ಕುಂಚ ಹಿಡಿದು ಬಣ್ಣ ಬಳಿದು ಮುಗಿಸಲು ತೆಗೆದುಕೊಂಡದ್ದು ಸುಮಾರು 28 ನಿಮಿಷ. ಕಾರಿಗೆ ಚಿತ್ರ ಬರೆಯಲು ಹೊರಟವರಲ್ಲಿ ಅನೇಕರು ಈ ಕಥೆಯನ್ನು ಕೇಳಿಯೇ ಧೈರ್ಯ ತಂದುಕೊಳ್ಳುತ್ತಾರೆ, ಮತ್ತು ಅದೇ ಕಾರಣಕ್ಕೆ ಮೊದಲ ಮಳೆಗಾಲದಲ್ಲೇ ಪೆಟ್ಟು ತಿನ್ನುತ್ತಾರೆ. ವಾರ್ಹೋಲ್ ಅವರ ಕೈಗೆ ಸಿಕ್ಕಿದ್ದು ತುಕ್ಕಿಲ್ಲದ, ತಗ್ಗಿಲ್ಲದ, ಬಣ್ಣ ಹಿಡಿಯಲು ಸಿದ್ಧವಾಗಿದ್ದ ಮೈ. ಸಾಮಾನ್ಯ ಕಲಾವಿದನ ಮುಂದೆ ಬಂದು ನಿಲ್ಲುವ ಕಾರು ಹಾಗಿರುವುದಿಲ್ಲ. ಬಣ್ಣ ಹಚ್ಚುವ ಕೆಲಸಕ್ಕೆ ಹತ್ತು ದಿನ ಹಿಡಿಯುವುದಾದರೆ ಅದಕ್ಕೆ ಮೈಯನ್ನು ಹದಗೊಳಿಸುವ ಕೆಲಸಕ್ಕೆ ಇಪ್ಪತ್ತು ದಿನವಾದರೂ ಬೇಕೆಂದು ಮೊದಲೇ ಮನಸ್ಸನ್ನು ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.

ಆ ಎಂ1 ಕಾರಿನ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಅದು ಅದೇ ವರ್ಷ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಸ್ಪರ್ಧೆಯಲ್ಲಿ ಓಡಿ ಒಟ್ಟಾರೆ ಆರನೆಯ ಸ್ಥಾನ ಪಡೆಯಿತು. ಅಂದರೆ ಕಲಾಕೃತಿಯಾದ ಮೇಲೂ ಅದು ಕಾರಾಗಿಯೇ ಉಳಿಯಿತು. ಕಾರನ್ನು ಕತ್ತರಿಸಿ, ಜಜ್ಜಿ ಅಥವಾ ಚಾವಣಿಯಿಂದ ತೂಗುಹಾಕಿ ಶಿಲ್ಪವಾಗಿಸುವ ಪರಂಪರೆಯೂ ಇದೆ, ಆದರೆ ಅದು ಬೇರೆಯೇ ವಿದ್ಯೆ. ಈ ಮಾರ್ಗದರ್ಶಿ ಹೇಳುವುದು ಓಡುವ, ನೆನೆಯುವ, ಬಿಸಿಲಲ್ಲಿ ಕಾಯುವ, ಇಂಧನ ತುಂಬಿಸಿಕೊಳ್ಳುವ ಕಾರಿನ ಬಗ್ಗೆ. ಮುಂದೆ ಬರುವ ಪ್ರತಿಯೊಂದು ಹಂತದಲ್ಲೂ ತೀರ್ಮಾನ ತೆಗೆದುಕೊಳ್ಳುವಾಗ ಈ ಓಡುವ ಗುಣಕ್ಕೇ ಮೊದಲ ಮಣೆ.

ಹಂತ 1: ಕಾರಿನ ಆಯ್ಕೆ

ಕೈಯಲ್ಲಿರುವ ಕಾರನ್ನೇ ಬಳಸುವುದಾದರೆ ಆಯ್ಕೆಯ ಪ್ರಶ್ನೆಯಿಲ್ಲ, ಪರೀಕ್ಷೆಯ ಪ್ರಶ್ನೆ ಮಾತ್ರ ಇದೆ. ಹೊಸದಾಗಿ ಕೊಳ್ಳುವುದಾದರೆ ಎಂಜಿನ್ ಚೆನ್ನಾಗಿದ್ದು ಬಣ್ಣ ಮಾಸಿರುವ ಹಳೆಯ ಕಾರು ಎಲ್ಲಕ್ಕಿಂತ ಸೂಕ್ತ. ಬಣ್ಣ ಹೊಳೆಯುತ್ತಿದ್ದು ಎಂಜಿನ್ ಕೆಮ್ಮುವ ಕಾರನ್ನು ಅಗ್ಗಕ್ಕೆ ಸಿಗುತ್ತದೆಂದು ತರಬಾರದು, ಏಕೆಂದರೆ ಆರು ತಿಂಗಳ ಶ್ರಮದ ಕೃತಿ ಗ್ಯಾರೇಜಿನಲ್ಲೇ ನಿಂತು ಧೂಳು ತಿನ್ನುವುದನ್ನು ನೋಡುವುದು ಯಾವ ಕಲಾವಿದನಿಗೂ ಸುಖವಲ್ಲ.

ಮೈಯ ಪರೀಕ್ಷೆಯನ್ನು ಕೆಳಗಿನಿಂದ ಆರಂಭಿಸಬೇಕು. ಬಾಗಿಲುಗಳ ಕೆಳಅಂಚು, ಚಕ್ರದ ಮೇಲಿನ ಕಮಾನು, ಗಾಜಿನ ಸುತ್ತಲಿನ ರಬ್ಬರಿನ ಅಡಿ ಮತ್ತು ಡಿಕ್ಕಿಯ ತಳ, ಈ ನಾಲ್ಕು ಕಡೆ ತುಕ್ಕು ಮೊದಲು ಕಾಣಿಸಿಕೊಳ್ಳುತ್ತದೆ. ಬಣ್ಣದ ಮೇಲೆ ಕಾಣುವ ಸಣ್ಣ ಗುಳ್ಳೆಯ ಅಡಿಯಲ್ಲಿ ಸಾಮಾನ್ಯವಾಗಿ ಅದರ ಹಲವು ಪಟ್ಟು ತುಕ್ಕು ಅಡಗಿರುತ್ತದೆ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಮೈಮೇಲೆ ಸರಿಸುತ್ತ ಹೋದರೆ ಅದು ಹಿಡಿತ ಕಳೆದುಕೊಳ್ಳುವ ಕಡೆ ದಪ್ಪ ಪುಟ್ಟಿ ತುಂಬಿದ್ದಾರೆಂದು ತಿಳಿಯಬಹುದು. ಕೆಲವು ಕಾರುಗಳ ಬಾನೆಟ್ ಅಲ್ಯೂಮಿನಿಯಂನದಾಗಿರುತ್ತದೆ, ಬಂಪರ್ ಪ್ಲಾಸ್ಟಿಕ್ಕಿನದು, ಅಲ್ಲಿ ಈ ಪರೀಕ್ಷೆ ನಡೆಯದು.

ಹೊಸ ಪೀಳಿಗೆಯ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಬಂಪರಿನ ಹಿಂದೆ ರೇಡಾರ್, ಗಾಜಿನ ಮೇಲ್ಭಾಗದಲ್ಲಿ ಕ್ಯಾಮೆರಾ, ಬಂಪರಿನ ಮೈಯಲ್ಲೇ ಪಾರ್ಕಿಂಗ್ ಸಂವೇದಕಗಳಿರುತ್ತವೆ. ಲೋಹದ ಕಣಗಳಿರುವ ಬಣ್ಣವನ್ನೋ ದಪ್ಪ ಪದರವನ್ನೋ ಇವುಗಳ ಮುಂದೆ ಹಚ್ಚಿದರೆ ಅವು ತಪ್ಪು ಓದುತ್ತವೆ, ಇಲ್ಲವೇ ಕುರುಡಾಗುತ್ತವೆ. ಮೊದಲ ಕೃತಿಗೆ ಇಂಥ ಉಪಕರಣಗಳಿಲ್ಲದ ಸರಳ ಕಾರನ್ನು ಆರಿಸಿಕೊಂಡವರು ಅರ್ಧ ತಲೆನೋವಿನಿಂದ ಪಾರಾಗುತ್ತಾರೆ.

ಹಂತ 2: ಕಾಗದಪತ್ರ

ಇದು ಬೇಸರದ ಹಂತ, ಬೇಗ ಮುಗಿಸೋಣ. ಬಹುತೇಕ ಕಡೆ ಕಾರಿನ ನೋಂದಣಿ ಪತ್ರದಲ್ಲಿ ಬಣ್ಣವೂ ದಾಖಲಾಗಿರುತ್ತದೆ. ಆದ್ದರಿಂದ ಬಣ್ಣ ಬದಲಿಸುವ ಮೊದಲು ನೋಂದಣಿ ಕಚೇರಿಯಲ್ಲಿ ನಿಯಮವೇನೆಂದು ಕೇಳಿ, ಬೇಕಾದರೆ ಅನುಮತಿಯನ್ನು ಬರಹದಲ್ಲಿ ಪಡೆಯಬೇಕು. ವಿಮಾ ಕಂಪನಿಗೂ ಬದಲಾವಣೆಯನ್ನು ತಿಳಿಸಬೇಕು, ಮುಚ್ಚಿಟ್ಟ ಬದಲಾವಣೆ ಪರಿಹಾರ ಕೇಳುವ ಹೊತ್ತಿಗೆ ಎದುರಾಳಿಯಾಗಿ ನಿಲ್ಲುತ್ತದೆ. ನಂಬರ್ ಪ್ಲೇಟ್, ದೀಪಗಳು, ಪ್ರತಿಫಲಕಗಳು, ಗಾಜು ಮತ್ತು ಕನ್ನಡಿಗಳನ್ನು ಮುಟ್ಟುವಂತಿಲ್ಲ ಎಂಬುದನ್ನು ವಿನ್ಯಾಸ ಆರಂಭವಾಗುವ ಮೊದಲೇ ಒಪ್ಪಿಕೊಳ್ಳುವುದು ಜಾಣತನ. ಪೊಲೀಸ್, ಆ್ಯಂಬುಲೆನ್ಸ್ ಮುಂತಾದ ವಾಹನಗಳನ್ನು ಹೋಲುವ ಬಣ್ಣ ಮತ್ತು ಪಟ್ಟಿಗಳನ್ನೂ ದೂರವಿಡಬೇಕು.

ಹಂತ 3: ಕಾರಿನ ಮೈಯನ್ನು ಓದುವುದು

ಕ್ಯಾನ್ವಾಸಿಗೆ ಎದುರು ಒಂದೇ, ಕಾರಿಗೆ ಎದುರು ಹಲವು. ಮುಂದಿನಿಂದ, ಹಿಂದಿನಿಂದ, ಎರಡು ಪಕ್ಕಗಳಿಂದ, ಮೇಲಿನ ಮಹಡಿಯಿಂದ ಮತ್ತು ಬಾಗಿಲು ತೆರೆದಾಗ ಅದು ಬೇರೆಬೇರೆಯಾಗಿ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಜನ ಕಾರನ್ನು ನೋಡುವುದು ಓರೆಯಾಗಿ, ಮುಂಭಾಗ ಮತ್ತು ಒಂದು ಪಕ್ಕ ಒಟ್ಟಿಗೆ ಕಾಣುವ ಕೋನದಿಂದ. ಆ ಕೋನದಲ್ಲಿ ಬಾನೆಟ್ಟಿನ ಚಿತ್ರವೂ ಬಾಗಿಲಿನ ಚಿತ್ರವೂ ಒಂದಕ್ಕೊಂದು ಜಗಳವಾಡದಿದ್ದರೆ ವಿನ್ಯಾಸ ಅರ್ಧ ಗೆದ್ದಂತೆ.

ಕಾರನ್ನು ತೊಳೆದು ಬಯಲಲ್ಲಿ ನಿಲ್ಲಿಸಿ, ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ ಅದರ ಸುತ್ತ ನಡೆಯಬೇಕು. ಮೈಯ ಉದ್ದಕ್ಕೂ ಓಡುವ ಮಡಿಕೆ ಗೆರೆಗಳು ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತವೆ, ಬೆಳಕು ಎಲ್ಲಿ ಜಾರುತ್ತದೆ, ಯಾವ ಭಾಗ ಸದಾ ನೆರಳಲ್ಲೇ ಇರುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಬಾಗಿಲುಗಳ ನಡುವಿನ ಸಂದು, ಇಂಧನದ ಮುಚ್ಚಳ ಮತ್ತು ಹಿಡಿಕೆಗಳು ಚಿತ್ರವನ್ನು ಕತ್ತರಿಸುತ್ತವೆ. ಒಂದು ಮುಖದ ಕಣ್ಣಿನ ಮೇಲೆಯೇ ಬಾಗಿಲಿನ ಹಿಡಿಕೆ ಬಂದ ಕಾರುಗಳನ್ನು ನೋಡಿದವರಿಗೆ ಈ ಎಚ್ಚರಿಕೆಯ ಬೆಲೆ ಗೊತ್ತು.

ಹಿಂದಿನ ಕಲಾವಿದರು ಈ ಮೈಯ ಜೊತೆ ಹೇಗೆ ಮಾತಾಡಿದರು ಎಂಬುದನ್ನು ಗಮನಿಸಿದರೆ ದಾರಿ ತಿಳಿಯಾಗುತ್ತದೆ. ಫ್ರೆಂಚ್ ಹರಾಜುಗಾರನೂ ರೇಸ್ ಚಾಲಕನೂ ಆಗಿದ್ದ ಎರ್ವೆ ಪುಲೇನ್ ಅವರಿಗೆ ತಾವು ಓಡಿಸುವ ರೇಸ್ ಕಾರಿಗೆ ಕಲಾವಿದರೇ ಬಣ್ಣ ಹಚ್ಚಬೇಕೆಂಬ ಆಸೆಯಿತ್ತು. ಅದರಂತೆ 1975ರಲ್ಲಿ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಬಿಎಂಡಬ್ಲ್ಯು 3.0 ಸಿಎಸ್‌ಎಲ್ ಕಾರಿನ ಮೇಲೆ ಕೆಂಪು, ಹಳದಿ, ನೀಲಿಗಳ ದೊಡ್ಡ ಹರಹುಗಳನ್ನು ಹಾಸಿದಾಗ ಅವು ಬಾಗಿಲು, ಬಾನೆಟ್ ಎಂಬ ಗಡಿಗಳನ್ನು ಲೆಕ್ಕಿಸದೆ ಹರಿದವು. ಮರುವರ್ಷ ಫ್ರ್ಯಾಂಕ್ ಸ್ಟೆಲ್ಲಾ ಗ್ರಾಫ್ ಕಾಗದದಂಥ ಕಪ್ಪು-ಬಿಳುಪು ಚೌಕುಳಿಯನ್ನು ಇಡೀ ಕಾರಿಗೆ ಹೊದಿಸಿ, ಯಂತ್ರದ ನಕ್ಷೆಯೇ ಯಂತ್ರದ ಚರ್ಮವಾದಂತೆ ತೋರಿಸಿದರು. 1977ರಲ್ಲಿ ರಾಯ್ ಲಿಕ್ಟೆನ್‌ಸ್ಟೈನ್ ತಮ್ಮ ಚಿತ್ರಗಳ ಚುಕ್ಕಿಗಳನ್ನೂ ಉದ್ದನೆಯ ಪಟ್ಟಿಗಳನ್ನೂ ಬಳಸಿ, ಕಾರು ಓಡುವಾಗ ಪಕ್ಕದಲ್ಲಿ ಹಿಂದೆ ಸರಿಯುವ ನೆಲ ಮತ್ತು ಸೂರ್ಯನನ್ನು ಅದರ ಮೈಮೇಲೆಯೇ ತಂದರು. ವಾರ್ಹೋಲ್ ಅವರಂತೂ ವೇಗವಾಗಿ ಹೋಗುವ ಕಾರಿನ ಗೆರೆಗಳು ಕಣ್ಣಿಗೆ ಕಲಸಿದಂತೆ ಕಾಣುತ್ತವೆ ಎಂಬ ವಿಚಾರವನ್ನೇ ಹಿಡಿದು ಬಣ್ಣಗಳನ್ನು ಒಂದರೊಳಗೊಂದು ಎಳೆದರು. 1991ರಲ್ಲಿ ಎಸ್ತರ್ ಮಹ್ಲಾಂಗು ದಕ್ಷಿಣ ಆಫ್ರಿಕಾದ ಎನ್‌ಡೆಬೆಲೆ ಮನೆಗೋಡೆಗಳ ಜ್ಯಾಮಿತಿಯನ್ನು ಬಿಎಂಡಬ್ಲ್ಯು 525ಐ ಕಾರಿಗೆ ತಂದಾಗ ಪ್ರತಿಯೊಂದು ಫಲಕವೂ ಒಂದೊಂದು ಗೋಡೆಯಾಯಿತು.

ಇವುಗಳಿಂದ ಎರಡು ದಾರಿಗಳು ಸ್ಪಷ್ಟವಾಗುತ್ತವೆ. ಒಂದು, ಸಂದುಗಳನ್ನು ಮರೆತು ಇಡೀ ಮೈಮೇಲೆ ಹರಿಯುವ ವಿನ್ಯಾಸ, ಇನ್ನೊಂದು, ಸಂದುಗಳನ್ನೇ ಚೌಕಟ್ಟಾಗಿ ಒಪ್ಪಿ ಫಲಕಕ್ಕೊಂದು ಚಿತ್ರ ಕಟ್ಟುವ ವಿನ್ಯಾಸ. ಎರಡನ್ನೂ ಬೆರೆಸಿದ ಕೃತಿಗಳು ಗೆಲ್ಲುವುದು ಅಪರೂಪ. ಹರಿಯುವ ವಿನ್ಯಾಸ ದೂರದಿಂದ ಮತ್ತು ಚಲನೆಯಲ್ಲಿ ಚೆನ್ನಾಗಿ ಕಾಣುತ್ತದೆ, ಫಲಕಗಳ ವಿನ್ಯಾಸ ನಿಂತ ಕಾರನ್ನು ಹತ್ತಿರದಿಂದ ನೋಡುವವರಿಗೆ ಹೆಚ್ಚು ಕೊಡುತ್ತದೆ. ನಿಮ್ಮ ಕಾರು ಹೆಚ್ಚಾಗಿ ಓಡುವುದೋ ನಿಲ್ಲುವುದೋ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಪೆನ್ಸಿಲ್ ಹಿಡಿಯಬೇಕು.

ಕಾಗದದ ಮೇಲಿನ ನಕ್ಷೆ ಒಂದೇ ಸಾಲದು. ಆರೂ ದಿಕ್ಕುಗಳಿಂದ ತೆಗೆದ ಚಿತ್ರಗಳ ಮೇಲೆ ಬರೆದು ನೋಡಿದ ಮೇಲೆ, ಒಂದು ಬಿಳಿ ಆಟಿಕೆ ಕಾರಿನ ಮೇಲಾದರೂ ವಿನ್ಯಾಸವನ್ನು ಪೂರ್ತಿಯಾಗಿ ಬಿಡಿಸಬೇಕು. ಕಾಲ್ಡರ್ ಕೂಡ ಮೊದಲು ಚಿಕ್ಕ ಮಾದರಿಯ ಮೇಲೆಯೇ ಕೆಲಸ ಮಾಡಿದ್ದರು. ಬಾನೆಟ್ಟಿನಿಂದ ಮಡ್‌ಗಾರ್ಡಿಗೆ ಇಳಿಯುವ ತಿರುವಿನಲ್ಲಿ ಗೆರೆ ಏನಾಗುತ್ತದೆ ಎಂಬುದನ್ನು ಸಪಾಟಾದ ಕಾಗದ ಎಂದೂ ಹೇಳುವುದಿಲ್ಲ.

ಹಂತ 4: ಸಾಮಗ್ರಿಯ ತೀರ್ಮಾನ

ಮುಖ್ಯವಾಗಿ ಮೂರು ಮಾರ್ಗಗಳಿವೆ. ಮೊದಲನೆಯದು ಫಲಕ ಬರೆಯುವವರು ಬಳಸುವ ಎಣ್ಣೆಮೂಲದ ಎನಾಮೆಲ್ ಬಣ್ಣವನ್ನು ಕುಂಚದಿಂದ ಹಚ್ಚುವುದು. ಇದು ಚೆನ್ನಾಗಿ ಹರಡುತ್ತದೆ, ಕುಂಚದ ಗುರುತು ತಾನೇ ಕರಗುತ್ತದೆ, ಹೊರಗಿನ ಹವೆಯನ್ನು ತಡೆಯುತ್ತದೆ, ಆದರೆ ಒಣಗುವುದು ನಿಧಾನ. ಎರಡನೆಯದು ಕಾರುಗಳಿಗೆಂದೇ ತಯಾರಾದ ಬಣ್ಣವನ್ನು ಸ್ಪ್ರೇ ಗನ್ನಿನಿಂದ ಹಚ್ಚಿ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವನ್ನು ಕಾಯುವ ಪಾರದರ್ಶಕ ಪದರ, ಕೊಡುವುದು. ಮೂರನೆಯದು ವಿನ್ಯಾಸವನ್ನು ವಿನೈಲ್ ಹಾಳೆಯ ಮೇಲೆ ಮುದ್ರಿಸಿ ಅಂಟಿಸುವುದು. 2010ರಲ್ಲಿ ಅಮೆರಿಕದ ಕಲಾವಿದ ಜೆಫ್ ಕೂನ್ಸ್ ಬಿಎಂಡಬ್ಲ್ಯು ಎಂ3 ಜಿಟಿ2 ಕಾರಿಗೆ ಮಾಡಿದ್ದು ಹೀಗೆಯೇ, ಅದರ ಮೇಲೆ ಎರಡು ಪದರ ಕ್ಲಿಯರ್ ಹೊಡೆಸಲಾಯಿತು. ಆ ಕಾರಿನ 79 ಎಂಬ ಸಂಖ್ಯೆ ವಾರ್ಹೋಲ್ ಅವರ ವರ್ಷಕ್ಕೆ ಸಂದ ಗೌರವ. ವಿನೈಲಿನ ದೊಡ್ಡ ಗುಣವೆಂದರೆ ಬೇಡವಾದಾಗ ಕೀಳಬಹುದು, ಕೊರತೆಯೆಂದರೆ ಕೈಬರಹದ ಜೀವ ಅದರಲ್ಲಿ ಇಳಿಯುವುದು ಕಷ್ಟ. ಕೈಯಿಂದಲೇ ಬರೆಯಬೇಕೆನ್ನುವ ಹೊಸಬರಿಗೆ ನಾನು ಎನಾಮೆಲ್ ಮತ್ತು ಕುಂಚವನ್ನೇ ಸೂಚಿಸುತ್ತೇನೆ.

ಬಣ್ಣ ಕೊಳ್ಳುವಾಗ ಬಿಸಿಲನ್ನು ತಡೆಯುವ ಶಕ್ತಿಯನ್ನು ವಿಚಾರಿಸಬೇಕು. ಪ್ರಖರವಾಗಿ ಹೊಳೆಯುವ ಫ್ಲೋರೆಸೆಂಟ್ ಬಣ್ಣಗಳು ಬಿಸಿಲಿಗೆ ಬೇಗ ಸೋಲುತ್ತವೆ, ಅಗ್ಗದ ಕೆಂಪು ಮತ್ತು ನೇರಳೆಗಳೂ ಅಷ್ಟೆ. ಐರನ್ ಆಕ್ಸೈಡಿನ ಮಣ್ಣುಬಣ್ಣಗಳು, ಕಪ್ಪು, ಬಿಳಿ ಮತ್ತು ಥ್ಯಾಲೋ ನೀಲಿ-ಹಸಿರುಗಳು ಬಾಳಿಕೆ ಬರುತ್ತವೆ. ಗಾಢ ಬಣ್ಣ ಹಚ್ಚಿದ ಬಾನೆಟ್ ಕಡುಬಿಸಿಲಲ್ಲಿ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಬಲ್ಲದು. ಆದ್ದರಿಂದ ಕಪ್ಪನ್ನು ದೊಡ್ಡ ಹರಹಾಗಿ ಮೇಲ್ಛಾವಣಿಗೆ ಹಚ್ಚುವ ಮೊದಲು ಒಳಗೆ ಕೂರುವವರನ್ನೂ ನೆನೆಯಬೇಕು.

ಒಂದೇ ಕುಟುಂಬದ ಸಾಮಗ್ರಿಯನ್ನು ಬಳಸುವುದು ಇಲ್ಲಿನ ಬಂಗಾರದ ನಿಯಮ. ಪೂರ್ತಿ ಒಣಗದ ಎನಾಮೆಲ್ ಮೇಲೆ ತೀಕ್ಷ್ಣ ಥಿನ್ನರ್ ಇರುವ ಲ್ಯಾಕರ್ ಬಿದ್ದರೆ ಬಣ್ಣ ಸುಟ್ಟ ಹಪ್ಪಳದಂತೆ ಏಳುತ್ತದೆ. ಪ್ರೈಮರ್, ಬಣ್ಣ, ಕ್ಲಿಯರ್ ಮೂರನ್ನೂ ಗುಜರಿಯಿಂದ ತಂದ ಹಳೆಯ ಬಾಗಿಲಿನ ಮೇಲೆ ಅದೇ ಕ್ರಮದಲ್ಲಿ, ಅದೇ ಅಂತರದಲ್ಲಿ ಹಚ್ಚಿ, ಎರಡು ವಾರ ಬಿಸಿಲು-ಮಳೆಗೆ ಬಿಟ್ಟು ನೋಡಬೇಕು. ಈ ಬಾಗಿಲನ್ನು ಕೊನೆಯವರೆಗೂ ಎಸೆಯಬಾರದು, ಮುಂದೆ ಪ್ರತಿ ಸಂದೇಹಕ್ಕೂ ಅದೇ ಉತ್ತರ ಹೇಳುತ್ತದೆ.

ಹಂತ 5: ಮೈಯನ್ನು ಹದಗೊಳಿಸುವುದು

ನಿಜವಾದ ಕೆಲಸ ಇಲ್ಲಿಂದ ಆರಂಭ. ಮೊದಲು ಕಾರನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿ, ಆಮೇಲೆ ಮೇಣ ಮತ್ತು ಜಿಡ್ಡನ್ನು ತೆಗೆಯುವ ದ್ರಾವಣದಿಂದ ಒರೆಸಬೇಕು. ಕೈಯಲ್ಲಿ ಎರಡು ಬಟ್ಟೆಗಳಿರಲಿ. ಒಂದರಿಂದ ದ್ರಾವಣವನ್ನು ಹಚ್ಚಿ, ಅದು ಒಣಗುವ ಮೊದಲೇ ಇನ್ನೊಂದರಿಂದ ಒರೆಸಿ ತೆಗೆಯಬೇಕು, ಇಲ್ಲವಾದರೆ ಜಿಡ್ಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಈ ಕೆಲಸ ಉಜ್ಜುವುದಕ್ಕಿಂತ ಮೊದಲೇ ಆಗಬೇಕು. ಜಿಡ್ಡಿನ ಮೈಯನ್ನು ಉಜ್ಜಿದರೆ ಮೇಣವೂ ಸಿಲಿಕೋನ್ ಪಾಲಿಶ್ಶೂ ಗೀರುಗಳೊಳಕ್ಕೆ ಇಳಿದು, ಮುಂದೆ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಸಣ್ಣ ಕುಳಿಗಳಾಗಿ ಕಾಣಿಸಿಕೊಳ್ಳುತ್ತವೆ.

ಕಾರ್ಖಾನೆಯ ಹಳೆಯ ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಕೆರೆದು ಲೋಹ ಬಯಲಿಗೆ ತರಬೇಕಾಗಿಲ್ಲ. ಅದಕ್ಕಿಂತ ಒಳ್ಳೆಯ ತಳಪಾಯ ನಮ್ಮ ಕೈಯಿಂದ ಆಗುವುದಿಲ್ಲ. ಅದರ ಹೊಳಪು ಹೋಗಿ, ಇಡೀ ಮೈ ಒಂದೇ ಸಮನೆ ಮಂಕಾಗುವವರೆಗೆ 400 ಸಂಖ್ಯೆಯ ಉಜ್ಜುಕಾಗದದಿಂದ ನೀರು ಹಾಕಿ ಉಜ್ಜಿದರೆ ಸಾಕು. ಹೊಳಪು ಉಳಿದ ಒಂದೊಂದು ಚುಕ್ಕೆಯೂ ಮುಂದೆ ಬಣ್ಣ ಏಳುವ ಜಾಗ. ಅಂಚುಗಳು ಮತ್ತು ಮಡಿಕೆಗಳ ಮೇಲೆ ಬಣ್ಣ ತೆಳ್ಳಗಿರುವುದರಿಂದ ಅಲ್ಲಿ ಕೈ ಹಗುರವಾಗಿರಲಿ.

ತುಕ್ಕು ಇರುವ ಕಡೆ ಮಾತ್ರ ದಯೆ ತೋರಬಾರದು. 80 ಸಂಖ್ಯೆಯ ಒರಟು ಕಾಗದದಿಂದ ಬೆಳ್ಳಗೆ ಹೊಳೆಯುವ ಲೋಹ ಕಾಣುವವರೆಗೆ, ಮತ್ತು ತುಕ್ಕಿನ ಅಂಚಿನಿಂದ ಎರಡು ಬೆರಳಿನಷ್ಟು ಆಚೆಯವರೆಗೆ ಕೆರೆಯಬೇಕು. ಸೂಜಿಮೊನೆಯಷ್ಟು ಕಪ್ಪು ಉಳಿದಿದ್ದರೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಿವಾರಕವನ್ನು ತಯಾರಕರು ಹೇಳಿದ ಕ್ರಮದಲ್ಲಿ ಹಚ್ಚಿ, ತೊಳೆದು, ಪೂರ್ತಿ ಒಣಗಿಸಬೇಕು. ಬರಿಯ ಲೋಹವನ್ನು ರಾತ್ರಿಯೆಲ್ಲ ತೆರೆದಿಟ್ಟರೆ ಬೆಳಗಾಗುವಷ್ಟರಲ್ಲಿ ಹೊಸ ತುಕ್ಕಿನ ತೆಳುಪದರ ಕೂತಿರುತ್ತದೆ, ಆದ್ದರಿಂದ ಅದೇ ದಿನ ಎಪಾಕ್ಸಿ ಪ್ರೈಮರ್ ಕೊಡಬೇಕು. ತೂತು ಬಿದ್ದ ಲೋಹಕ್ಕೆ ಪುಟ್ಟಿ ಮದ್ದಲ್ಲ, ಅಲ್ಲಿ ಬೆಸುಗೆ ಹಾಕಿಸಬೇಕು. ಬೆಸುಗೆಗೆ ಮೊದಲು ಬ್ಯಾಟರಿಯ ತಂತಿ ಕಳಚುವುದನ್ನೂ, ಇಂಧನದ ಟ್ಯಾಂಕ್ ಮತ್ತು ಕೊಳವೆಗಳು ಎಲ್ಲಿವೆ ಎಂದು ನೋಡುವುದನ್ನೂ ಯಾರೂ ಮರೆಯಬಾರದು, ಅನುಭವವಿಲ್ಲದವರು ಆ ಕೆಲಸವನ್ನು ಬಲ್ಲವರ ಕೈಗೇ ಬಿಡಬೇಕು.

ತಗ್ಗುಗಳನ್ನು ಆದಷ್ಟು ಬಡಿದು ಸಮ ಮಾಡಿದ ಮೇಲೆಯೇ ಪುಟ್ಟಿ. ಅದು ಎಲ್ಲಿಯೂ 3 ಮಿಲಿಮೀಟರಿಗಿಂತ ದಪ್ಪವಾಗದಿರಲಿ, ದಪ್ಪ ಪುಟ್ಟಿ ಬಿಸಿಲು-ತಂಪಿನಲ್ಲಿ ಲೋಹದ ಜೊತೆ ಹಿಗ್ಗಿ ಕುಗ್ಗಲಾರದೆ ಬಿರಿಯುತ್ತದೆ. ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುವ ವಸ್ತುವಾದ್ದರಿಂದ ಅದನ್ನು ಒಣದಾಗಿಯೇ ಉಜ್ಜಬೇಕು. 80ರಿಂದ ಆರಂಭಿಸಿ 180, ಆಮೇಲೆ 320 ಹೀಗೆ ಮೆತ್ತಗಾಗುತ್ತ ಹೋಗಬೇಕು, ಮತ್ತು ಕಾಗದವನ್ನು ಬೆರಳಿನಿಂದ ಒತ್ತದೆ ಮರದ ಅಥವಾ ರಬ್ಬರಿನ ಗಟ್ಟಿ ತುಂಡಿಗೆ ಸುತ್ತಿ ಉಜ್ಜಬೇಕು. ಮೈ ಸಮವಾಯಿತೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ಅಂಗೈ ಚೆನ್ನಾಗಿ ಬಲ್ಲದು. ತೆಳು ಬಟ್ಟೆಯನ್ನು ಅಂಗೈಗೆ ಕೊಟ್ಟು, ಕಣ್ಣು ಮುಚ್ಚಿ ಉದ್ದಕ್ಕೆ ಸವರಿದರೆ ಏರಿಳಿತ ಕೈಗೆ ಸಿಗುತ್ತದೆ.

ಇಷ್ಟಾದ ಮೇಲೆ ದುರಸ್ತಿಯಾದ ಜಾಗಗಳಿಗೆ ಪ್ರೈಮರ್ ಹೊಡೆದು, ಅದರ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ಅತಿ ತೆಳ್ಳಗೆ ಚಿಮುಕಿಸಿ, 600 ಸಂಖ್ಯೆಯ ಕಾಗದದಿಂದ ಉಜ್ಜಬೇಕು. ಕಪ್ಪು ಉಳಿದ ಕಡೆ ತಗ್ಗಿದೆ, ಬೇಗ ಹೋದ ಕಡೆ ಉಬ್ಬಿದೆ. ಪ್ಲಾಸ್ಟಿಕ್ ಬಂಪರಿಗೆ ಬಣ್ಣ ಹಿಡಿಯಿಸುವ ಬೇರೆಯೇ ಪ್ರೈಮರ್ ಸಿಗುತ್ತದೆ, ಅದಿಲ್ಲದೆ ಹಚ್ಚಿದ ಬಣ್ಣ ಕೆಲವೇ ತಿಂಗಳಲ್ಲಿ ಸಿಪ್ಪೆಯಾಗಿ ಏಳುತ್ತದೆ.

ಉಜ್ಜುವಾಗ ಧೂಳಿನ ಮುಖಗವಸು ಕಡ್ಡಾಯ. ಬಹಳ ಹಳೆಯ ಕಾರುಗಳ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಅಂಥವನ್ನು ಒಣದಾಗಿ ಉಜ್ಜಬಾರದು.

ಹಂತ 6: ವಿನ್ಯಾಸವನ್ನು ಮೈಮೇಲೆ ಇಳಿಸುವುದು

ಕಳಚಬಹುದಾದ ದೀಪ, ಲಾಂಛನ, ಹಿಡಿಕೆ, ವೈಪರ್‌ಗಳನ್ನು ಕಳಚಿ, ಪ್ರತಿಯೊಂದರ ತಿರುಪುಗಳನ್ನೂ ಬೇರೆಬೇರೆ ಚೀಲದಲ್ಲಿ ಹಾಕಿ ಹೆಸರು ಬರೆದಿಡಬೇಕು. ಉಳಿದದ್ದನ್ನು ಮಾಸ್ಕಿಂಗ್ ಟೇಪ್ ಮತ್ತು ಕಾಗದದಿಂದ ಮುಚ್ಚಬೇಕು. ಹಳೆಯ ಸುದ್ದಿಪತ್ರಿಕೆಯ ಮಸಿ ಥಿನ್ನರಿಗೆ ಕರಗಿ ಕೆಳಗಿನ ಮೈಗೆ ಇಳಿಯಬಹುದಾದ್ದರಿಂದ ಬಿಳಿ ಅಥವಾ ಕಂದು ಕಾಗದವೇ ವಾಸಿ.

ವಿನ್ಯಾಸವನ್ನು ಇಳಿಸಲು ಚೌಕುಳಿ ವಿಧಾನ ಎಲ್ಲರಿಗೂ ಗೊತ್ತು, ಆದರೆ ಬಾಗಿದ ಮೈಮೇಲೆ ಚೌಕಗಳೇ ಬಾಗುತ್ತವೆ. ಅದಕ್ಕಿಂತ, ಮೈಯ ಸಹಜ ಗೆರೆಗಳನ್ನು, ಅಂದರೆ ಕಿಟಕಿಯ ಕೆಳಅಂಚು, ಮಡಿಕೆ, ಬಾಗಿಲಿನ ಸಂದು ಇವುಗಳನ್ನೇ ಅಳತೆಯ ಗುರುತಾಗಿ ಹಿಡಿದು ಅಲ್ಲಿಂದ ದೂರವನ್ನು ಅಳೆಯುವುದು ಹೆಚ್ಚು ನಂಬಿಕೆಗೆ ತಕ್ಕದ್ದು. ಕತ್ತಲಲ್ಲಿ ಪ್ರೊಜೆಕ್ಟರ್ ಹಿಡಿದು ಗೆರೆ ಎಳೆಯುವವರು, ಯಂತ್ರವನ್ನು ಕಾರಿನಿಂದ ದೂರವಿಟ್ಟಷ್ಟೂ ಚಿತ್ರ ಕಡಿಮೆ ತಿರುಚುತ್ತದೆ ಎಂಬುದನ್ನು ನೆನಪಿಡಬೇಕು. ಎರಡು ಪಕ್ಕಗಳಲ್ಲೂ ಒಂದೇ ಚಿತ್ರ ಬೇಕಾದರೆ ಹಳೆಯ ಉಪಾಯವೇ ಶ್ರೇಷ್ಠ. ಕಾಗದದ ಮೇಲೆ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಅದನ್ನು ಮೈಗೆ ಅಂಟಿಸಿ, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿಗಳ ಗೆರೆ ಮೂಡುತ್ತದೆ. ಕಾಗದವನ್ನು ಮಗುಚಿದರೆ ಎಡದ್ದು ಬಲಕ್ಕೆ ಸಿದ್ಧ.

ಗೆರೆ ಎಳೆಯಲು ನೀರಿನಲ್ಲಿ ಹೋಗುವ ಪೆನ್ಸಿಲ್ ಅಥವಾ ಸೀಮೆಸುಣ್ಣ ಬಳಸಬೇಕು. ಶಾಯಿಯ ಮಾರ್ಕರ್ ಗೆರೆಗಳು ತಿಂಗಳು ಕಳೆದ ಮೇಲೂ ಬಿಳಿ ಬಣ್ಣದ ಪದರಗಳನ್ನು ದಾಟಿ ಮೇಲೆ ಬರುತ್ತವೆ.

ಹಂತ 7: ಬಣ್ಣ ಹಚ್ಚುವುದು

ಹವೆ ನೋಡಿಕೊಂಡು ಕುಂಚ ಎತ್ತಬೇಕು. 18ರಿಂದ 28 ಡಿಗ್ರಿಯ ನಡುವಿನ, ಗಾಳಿ-ಧೂಳಿಲ್ಲದ, ತೇವ ಕಡಿಮೆಯಿರುವ ನೆರಳಿನ ಜಾಗ ಸೂಕ್ತ. ಲೋಹದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು ಎಂಬುದು ಬಣ್ಣದ ಕೆಲಸದವರ ಸಾಮಾನ್ಯ ನಿಯಮ. ಮುಂಜಾನೆ ತಂಪಾದ ಲೋಹದ ಮೇಲೆ ಕಣ್ಣಿಗೆ ಕಾಣದ ತೇವ ಕೂತಿರುತ್ತದೆ, ಬಿಸಿಲೇರುವವರೆಗೆ ಕಾದರೆ ನಷ್ಟವೇನಿಲ್ಲ.

ದೊಡ್ಡ ಹರಹುಗಳಿಂದ ಆರಂಭಿಸಿ ಸಣ್ಣ ವಿವರಗಳಿಗೆ, ಮೇಲ್ಛಾವಣಿಯಿಂದ ಆರಂಭಿಸಿ ಕೆಳಗೆ ಬರಬೇಕು. ಎನಾಮೆಲ್‌ಗೆ ಅಳಿಲಿನ ಕೂದಲಿನಂಥ ಮೃದುವಾದ ಉದ್ದ ಕುಂಚ ಬೇಕು. ಕುಂಚವನ್ನು ಬಣ್ಣದಲ್ಲಿ ಅದ್ದಿ, ರಟ್ಟಿನ ಮೇಲೆ ಎರಡು ಸಲ ಎಳೆದು ಹದ ಮಾಡಿ, ಆಮೇಲೆ ಉಸಿರು ಹಿಡಿದು ಒಂದೇ ಎಳೆತದಲ್ಲಿ ಗೆರೆ ಮುಗಿಸಬೇಕು. ಎಳೆದ ಗೆರೆಗೆ ಮತ್ತೆ ಮತ್ತೆ ಕೈ ಹಾಕುವುದು ಹೊಸಬರ ದೌರ್ಬಲ್ಯ. ಅರ್ಧ ಒಣಗಿದ ಎನಾಮೆಲ್ ಮೇಲೆ ತಿದ್ದಿದರೆ ಕೆಳಪದರವೂ ಎದ್ದು ಬರುತ್ತದೆ. ತಪ್ಪಾದದ್ದನ್ನು ಆ ಕ್ಷಣವೇ ಥಿನ್ನರಿನ ಬಟ್ಟೆಯಿಂದ ಒರೆಸಬೇಕು, ಇಲ್ಲವಾದರೆ ನಾಳೆಯವರೆಗೆ ಬಿಡಬೇಕು.

ಸ್ಪ್ರೇ ಗನ್ ಬಳಸುವವರು ಅದನ್ನು ಮೈಯಿಂದ 15–20 ಸೆಂಟಿಮೀಟರ್ ದೂರದಲ್ಲಿ, ಸದಾ ಮೈಗೆ ಲಂಬವಾಗಿ ಹಿಡಿದು, ಒಂದು ಪಟ್ಟಿಯ ಅರ್ಧಭಾಗದ ಮೇಲೆ ಮುಂದಿನ ಪಟ್ಟಿ ಬೀಳುವಂತೆ ಸಾಗಿಸಬೇಕು. ಡಬ್ಬಿಯ ಸ್ಪ್ರೇಗೆ 25–30 ಸೆಂಟಿಮೀಟರ್ ಬೇಕು. ಒಂದು ದಪ್ಪ ಪದರ ಸೋರುತ್ತದೆ, ಮೂರು ತೆಳು ಪದರಗಳು ನಿಲ್ಲುತ್ತವೆ. ಎರಡು ಬಣ್ಣಗಳ ಗಡಿ ಚೂಪಾಗಿ ಬರಬೇಕಾದರೆ 3 ಮಿಲಿಮೀಟರಿನ ಸಣ್ಣ ಪ್ಲಾಸ್ಟಿಕ್ ಟೇಪು ಬಳಸಿ, ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಅದನ್ನು ತನ್ನ ಮೇಲೆಯೇ ಹಿಂದಕ್ಕೆ ಮಡಚಿಕೊಳ್ಳುತ್ತ ನಿಧಾನವಾಗಿ ಎಳೆಯಬೇಕು.

ಗಟ್ಟಿಕಾರಕ ಬೆರೆಸುವ ಎರಡು ಭಾಗದ ಬಣ್ಣ ಮತ್ತು ಕ್ಲಿಯರ್‌ಗಳ ವಿಷಯದಲ್ಲಿ ಇಲ್ಲಿ ಕಟುವಾಗಿಯೇ ಹೇಳಬೇಕು. ಅವುಗಳಲ್ಲಿ ಬಹುಪಾಲಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಹೊಕ್ಕರೆ ಶಾಶ್ವತ ಉಬ್ಬಸ ತರಬಲ್ಲದು, ಒಮ್ಮೆ ದೇಹ ಅದಕ್ಕೆ ಸಿಡಿಯಲು ಕಲಿತರೆ ಮುಂದೆ ಅತ್ಯಲ್ಪ ಪ್ರಮಾಣವೂ ಸಾಕಾಗುತ್ತದೆ. ಬಟ್ಟೆಯ ಮುಖಗವಸು ಇದಕ್ಕೆ ಏನೂ ಅಲ್ಲ, ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವೂ ಗಾಳಿ ಎಳೆದು ಸೋಸುವ ಕೋಣೆಯೂ ಬೇಕು. ಅವಿಲ್ಲದವರು ಈ ಒಂದು ಕೆಲಸವನ್ನು ಬಣ್ಣದ ಕಾರ್ಯಾಗಾರಕ್ಕೆ ಒಪ್ಪಿಸಬೇಕು. ಅದರಿಂದ ಕೃತಿಯ ಮೇಲಿನ ನಿಮ್ಮ ಹಕ್ಕು ಕಿಂಚಿತ್ತೂ ಕಡಿಮೆಯಾಗುವುದಿಲ್ಲ.

ಹಂತ 8: ಕ್ಲಿಯರ್ ಕೋಟ್

ಕಾರಿನ ಚಿತ್ರಕ್ಕೆ ಕ್ಲಿಯರ್ ಎಂದರೆ ಕೊಡೆಯೂ ಹೌದು, ಕವಚವೂ ಹೌದು. ಇದನ್ನು ಹೇಳಲು ಅಮೆರಿಕದ ಗಾಯಕಿ ಜಾನಿಸ್ ಜಾಪ್ಲಿನ್ ಅವರ ಪೋರ್ಷೆ 356ರ ಕಥೆಗಿಂತ ಒಳ್ಳೆಯ ಉದಾಹರಣೆಯಿಲ್ಲ. 1968ರಲ್ಲಿ ಡೇವ್ ರಿಚರ್ಡ್ಸ್ ಎಂಬವರು ಅದರ ಮೈತುಂಬ ಚಿತ್ರ ಬರೆದರು. ಆಮೇಲೆ ಕಾರು ಕಳುವಾಗಿ, ಕದ್ದವನು ಗುರುತು ಸಿಗಬಾರದೆಂದು ಬೂದು ಬಣ್ಣ ಸಿಂಪಡಿಸಿದ್ದನು. ಚಿತ್ರದ ಮೇಲೆ ಕ್ಲಿಯರ್ ಪದರವಿದ್ದ ಕಾರಣ ಆ ಬೂದನ್ನು ಚಿತ್ರಕ್ಕೆ ಹಾನಿಯಾಗದಂತೆ ತೆಗೆಯಲು ಸಾಧ್ಯವಾಯಿತು.

ಎನಾಮೆಲ್ ಚಿತ್ರ ಒಳಗಿನವರೆಗೆ ಗಟ್ಟಿಯಾಗಲು ವಾರಗಳೇ ಬೇಕು. ಉಗುರಿನಿಂದ ಒತ್ತಿದರೂ ಗುರುತು ಬೀಳದಂತಾಗುವವರೆಗೆ ಮುಟ್ಟಬಾರದು. ಹಾಗೆ ನೋಡಿದರೆ ಒಳ್ಳೆಯ ಎನಾಮೆಲ್ ಕ್ಲಿಯರ್ ಇಲ್ಲದೆಯೂ ಕೆಲವು ವರ್ಷ ನಿಲ್ಲುತ್ತದೆ, ಅವಸರದ ಕ್ಲಿಯರಿಗಿಂತ ಕ್ಲಿಯರ್ ಇಲ್ಲದಿರುವುದೇ ಮೇಲು. ಕೊಡುವುದಾದರೆ ಪರೀಕ್ಷೆಯ ಬಾಗಿಲಿನ ಮೇಲೆ ಗೆದ್ದ ಕ್ಲಿಯರನ್ನೇ, ಮೊದಲ ಪದರವನ್ನು ತೀರ ತೆಳ್ಳಗೆ, ಆಮೇಲೆ ಎರಡು ಪೂರ್ಣ ಪದರಗಳಾಗಿ ಕೊಡಬೇಕು. ನೇರಳಾತೀತ ಕಿರಣಗಳನ್ನು ತಡೆಯುವ ಗುಣ ಅದರಲ್ಲಿರಬೇಕು. ಪೂರ್ತಿ ಗಟ್ಟಿಯಾದ ಮೇಲೆ ಕೂತ ಧೂಳಿನ ಕಣಗಳನ್ನು 2000 ಸಂಖ್ಯೆಯ ಕಾಗದದಿಂದ ನೀರು ಹಾಕಿ ಮೆಲ್ಲಗೆ ತೆಗೆದು ಪಾಲಿಶ್ ಮಾಡಬಹುದು.

ಹಂತ 9: ವಸ್ತುಗಳನ್ನು ಅಂಟಿಸುವುದಾದರೆ

ಬಣ್ಣಕ್ಕೆ ತೃಪ್ತರಾಗದೆ ಮಣಿ, ಕನ್ನಡಿ, ನಾಣ್ಯ, ಆಟಿಕೆ, ಹೆಂಚಿನ ಚೂರುಗಳನ್ನು ಅಂಟಿಸುವ ಕಲಾವಿದರ ದೊಡ್ಡ ಬಳಗವೇ ಇದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 1988ರಿಂದ ನಡೆಯುತ್ತಿರುವ ಕಲಾಕಾರುಗಳ ಮೆರವಣಿಗೆಯಲ್ಲಿ ಇಂಥವು ಧಾರಾಳ. ಮೆಕ್ಸಿಕೋದಲ್ಲಿ ವಿಶಾರಿಕ ಸಮುದಾಯದ ಎಂಟು ಕಲಾವಿದರು 2010ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರೊಂದನ್ನು 20 ಲಕ್ಷಕ್ಕೂ ಹೆಚ್ಚು ಮಣಿಗಳಿಂದ ಹೊದಿಸಿದರು, ಅದಕ್ಕೆ ಹಿಡಿದದ್ದು 9,000ಕ್ಕೂ ಹೆಚ್ಚು ಗಂಟೆ. ಅದನ್ನು ನೋಡಿದರೆ ಒಂದು ಪಾಠ ಸಿಗುತ್ತದೆ: ಗುಂಡನೆಯ ಮೈಗೆ ಚಿಕ್ಕ ತುಣುಕು ಒಗ್ಗುತ್ತದೆ. ಅಂಗೈಯಗಲದ ಗಟ್ಟಿ ಚೂರು ಬಾಗಿದ ಮೈಗೆ ನಡುವಿನಲ್ಲಿ ಮಾತ್ರ ತಾಗಿ, ಅಂಚುಗಳಲ್ಲಿ ನೀರಿಗೆ ಮನೆ ಮಾಡಿಕೊಡುತ್ತದೆ.

ಅಂಟಾಗಿ ಒಣಗಿದ ಮೇಲೂ ರಬ್ಬರಿನಂತೆ ಬಳುಕುವ ಸಿಲಿಕೋನ್ ಅಥವಾ ಪಾಲಿಯುರೆಥೇನ್ ಬಳಸಬೇಕು, ಗಾಜಿನಂತೆ ಗಟ್ಟಿಯಾಗುವ ಅಂಟು ಲೋಹದ ಹಿಗ್ಗು-ಕುಗ್ಗನ್ನು ತಾಳದೆ ಬಿಟ್ಟುಹೋಗುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಆಮ್ಲವನ್ನು ಬಿಡುವುದರಿಂದ ಬಯಲಾದ ಲೋಹವನ್ನು ತಿನ್ನುತ್ತದೆ, ತಟಸ್ಥ ಬಗೆಯದನ್ನೇ ಕೇಳಿ ಪಡೆಯಬೇಕು. ಸಿಲಿಕೋನ್ ತಗಲಿದ ಜಾಗ ಮತ್ತೆ ಬಣ್ಣ ಹಿಡಿಯದು, ಆದ್ದರಿಂದ ಬಣ್ಣದ ಕೆಲಸವೆಲ್ಲ ಮುಗಿದ ಮೇಲೆಯೇ ಈ ಡಬ್ಬಿ ತೆರೆಯಬೇಕು. ಮುಷ್ಟಿಗಿಂತ ದೊಡ್ಡ ವಸ್ತುವನ್ನು ಅಂಟೊಂದನ್ನೇ ನಂಬಿ ನಿಲ್ಲಿಸಬಾರದು, ಬೋಲ್ಟು ಹಾಕಿ, ತೂತಿನ ಅಂಚಿಗೆ ಪ್ರೈಮರ್ ಹಚ್ಚಿ, ಒಳಗಿನಿಂದ ಅಗಲವಾದ ವಾಷರ್ ಕೊಡಬೇಕು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40 ಕಿಲೋಮೀಟರ್ ವೇಗದಲ್ಲಿ ಅಲುಗದ ಗೊಂಬೆಯ ಮೇಲೆ 80ರಲ್ಲಿ ಬೀಳುವುದು ನಾಲ್ಕು ಪಟ್ಟು ಬಲ, ಮತ್ತು ಕಿತ್ತುಹೋದ ಗೊಂಬೆ ಹಿಂದೆ ಬರುವವರ ಗಾಜಿಗೆ ಕಲ್ಲಾಗುತ್ತದೆ.

ಮೇಲ್ಛಾವಣಿ ಎಷ್ಟು ತೂಕ ತಾಳುತ್ತದೆ ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ, ಅದನ್ನು ಮೀರುವಂತಿಲ್ಲ. ಎತ್ತರದಲ್ಲಿ ಇಟ್ಟ ತೂಕ ತಿರುವಿನಲ್ಲಿ ಕಾರನ್ನು ವಾಲಿಸುತ್ತದೆ. ಮುಂಭಾಗದಲ್ಲಿ ಚೂಪಾದದ್ದೇನೂ ಇರಬಾರದು. ರೇಡಿಯೇಟರಿನ ಜಾಲರಿ, ಬ್ರೇಕಿಗೆ ಗಾಳಿ ಹೋಗುವ ಕಿಂಡಿ, ಬಾಗಿಲಿನ ಕೆಳಗೆ ನೀರು ಇಳಿಯುವ ಸಣ್ಣ ತೂತುಗಳು ಮುಚ್ಚಿಹೋದರೆ ಕಾರು ಒಳಗಿನಿಂದಲೇ ಕೆಡುತ್ತದೆ. ಒಳಾಂಗಣವನ್ನು ಅಲಂಕರಿಸುವವರು ಏರ್‌ಬ್ಯಾಗ್ ಇರುವ ಸ್ಟಿಯರಿಂಗ್, ಡ್ಯಾಶ್‌ಬೋರ್ಡ್ ಮತ್ತು ಸೀಟಿನ ಪಕ್ಕಗಳನ್ನು ಹಾಗೆಯೇ ಬಿಡಬೇಕು. ಅದು ಸಿಡಿದಾಗ ಅಲ್ಲಿ ಅಂಟಿಸಿದ ಮಣಿಯೂ ಗುಂಡಾಗುತ್ತದೆ.

ಹಂತ 10: ರಸ್ತೆಗೆ ಇಳಿದ ಮೇಲೆ

ಎಲ್ಲವನ್ನೂ ಮರುಜೋಡಿಸಿ, ದೀಪ, ಸೂಚಕ, ವೈಪರ್, ಬಾಗಿಲುಗಳನ್ನು ಪರೀಕ್ಷಿಸಿ, ಮೊದಲ ಓಡಾಟವನ್ನು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಮಾಡಬೇಕು. ಮರಳಿ ಬಂದು ಪ್ರತಿಯೊಂದು ಅಂಟನ್ನೂ ಬೋಲ್ಟನ್ನೂ ಕೈಯಿಂದ ಅಲುಗಿಸಿ ನೋಡಬೇಕು. ಆ ಸಂಜೆ ಸ್ನೇಹಿತರೊಬ್ಬರ ಕೈಗೆ ಸ್ಟಿಯರಿಂಗ್ ಕೊಟ್ಟು, ರಸ್ತೆಯ ಬದಿಯಲ್ಲಿ ನಿಂತು ಕಾರು ಹಾದುಹೋಗುವುದನ್ನು ನೋಡುವುದು ಒಳ್ಳೆಯದು. ಚಾಲಕನ ಆಸನದಲ್ಲಿ ಕೂತವನಿಗೆ ತನ್ನ ಕೃತಿ ಎಂದೂ ಕಾಣುವುದಿಲ್ಲ.

ತೊಳೆಯಲು ಎರಡು ಬಕೆಟ್ ಇಟ್ಟುಕೊಳ್ಳಬೇಕು, ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಅಲುಬುವ ಬರಿಯ ನೀರು. ಯಂತ್ರದ ಬ್ರಷ್ಷು ಮತ್ತು ಹೆಚ್ಚು ಒತ್ತಡದ ನೀರಿನಿಂದ ಅಂಟಿಸಿದ ವಸ್ತುಗಳನ್ನೂ ಬಣ್ಣದ ಅಂಚುಗಳನ್ನೂ ದೂರವಿಡಬೇಕು. ಹಕ್ಕಿಯ ಹಿಕ್ಕೆಯನ್ನು ಕಂಡ ದಿನವೇ ನೆನೆಸಿ ತೆಗೆಯಬೇಕು, ಬಿಸಿಲಲ್ಲಿ ಅದು ಕ್ಲಿಯರನ್ನೇ ಕೊರೆಯುತ್ತದೆ. ಹೊಸ ಬಣ್ಣಕ್ಕೆ ಮೇಣ ಹಚ್ಚಲು ಒಂದೆರಡು ತಿಂಗಳು ಕಾಯಬೇಕು.

ಕೊನೆಯದಾಗಿ ದಾಖಲೆ. ಜಾಪ್ಲಿನ್ ಅವರ ಕಾರಿನ ಚಿತ್ರ ಮುಂದೆ ಏಳತೊಡಗಿದಾಗ ಅದನ್ನು ತೆಗೆದು ಕಾರನ್ನು ಅದರ ಮೂಲ ಬೂದು ಬಣ್ಣಕ್ಕೇ ಮರಳಿಸಲಾಗಿತ್ತು. 1990ರ ದಶಕದಲ್ಲಿ ಕಲಾವಿದರು ಛಾಯಾಚಿತ್ರಗಳನ್ನು ನೋಡಿ ಅದನ್ನು ಮತ್ತೆ ಬರೆದರು. ನಿಮ್ಮ ಕಾರಿನ ಪ್ರತಿ ಫಲಕವನ್ನೂ ಹಗಲ ಬೆಳಕಿನಲ್ಲಿ, ನೇರವಾಗಿ ನಿಂತು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದಿಡಬೇಕು. ಪ್ರತಿಯೊಂದು ಬಣ್ಣದ ಹೆಸರು, ಸಂಖ್ಯೆ, ಬೆರೆಸಿದ ಪ್ರಮಾಣ ಮತ್ತು ಹಚ್ಚಿದ ತಾರೀಖನ್ನು ಒಂದು ಪುಸ್ತಕದಲ್ಲಿ ಬರೆದು, ಉಳಿದ ಬಣ್ಣವನ್ನು ಚಿಕ್ಕ ಗಾಜಿನ ಸೀಸೆಗಳಲ್ಲಿ ಅಂಚಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲ ಜಾಗದಲ್ಲಿಡಬೇಕು. ಮೊದಲ ಗೀರು ಬಿದ್ದ ದಿನ ಆ ಸೀಸೆಯಿಂದ ಒಂದು ಹನಿಯನ್ನು ಸಣ್ಣ ಕುಂಚದಲ್ಲಿ ತೆಗೆದು, ಹಳೆಯ ಪರೀಕ್ಷೆಯ ಬಾಗಿಲಿನ ಮೇಲೆ ಹಚ್ಚಿ ಒಣಗಿಸಿ, ಬಣ್ಣ ಕೂಡುತ್ತದೆಯೇ ಎಂದು ನೋಡಿದ ಮೇಲೆಯೇ ಕಾರನ್ನು ಮುಟ್ಟಬೇಕು.